ಅರ್ಧ ಎಕರೆಗೆ ಎಂಟು ಟ್ರ್ಯಾಕ್ಟರ್

ಅಮೆರಿಕದ ಯಾವುದೇ ಸಣ್ಣ ಊರಿನಲ್ಲಿ ಕಾರು ಗ್ಯಾರೇಜಿನ ಹೊರಗೆ ಮಳೆಯಲ್ಲಿ ನೆನೆಯುತ್ತ, ಐವತ್ತು ವರ್ಷದ ಟ್ರ್ಯಾಕ್ಟರೊಂದು ಒಳಗೆ ಕಂಬಳಿ ಹೊದ್ದು ಬೆಚ್ಚಗೆ ನಿಂತಿದ್ದರೆ, ಆ ಮನೆಯಲ್ಲಿ ಹಳೆಯ ಟ್ರ್ಯಾಕ್ಟರುಗಳ ಹುಚ್ಚಿನವರೊಬ್ಬರಿದ್ದಾರೆ ಎಂದು ತಿಳಿಯಿರಿ. ವಯಸ್ಸು ಅರವತ್ತರ ಮೇಲೆ. ಅಂಗಿಯ ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಸ್ಪಾರ್ಕ್ ಪ್ಲಗ್. ಉಗುರಿನ ಸಂದಿಯ ಕಪ್ಪು ಚರ್ಚಿಗೆ ಹೋಗುವ ಭಾನುವಾರವೂ ಬಿಟ್ಟುಹೋಗುವುದಿಲ್ಲ. ಕೈ ಕುಲುಕುವ ಮುಂಚೆ ಮರ್ಯಾದೆಗೆಂದು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. ಅದರಿಂದ ಕೈಗಾಗಲಿ ಪ್ಯಾಂಟಿಗಾಗಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ.

ಮಿಲ್ವಾಕಿಯ ಹೊರವಲಯದ ನಮ್ಮ ಬೀದಿಯಲ್ಲೂ ಇಂಥವರೊಬ್ಬರಿದ್ದಾರೆ. ಹೆಸರು ಬೇಡ, ನಮ್ಮ ಮಕ್ಕಳು ಇಟ್ಟಿರುವ ‘ಟ್ರ್ಯಾಕ್ಟರ್ ತಾತ’ ಸಾಕು. ತಾತನಿಗೆ ಇರುವುದು ಅರ್ಧ ಎಕರೆ. ಮನೆ, ಗ್ಯಾರೇಜು, ಶೆಡ್ಡು, ಎರಡು ಮೇಪಲ್ ಮರ ಕಳೆದರೆ ಉಳಿದದ್ದೆಲ್ಲ ಹುಲ್ಲು. ಟ್ರ್ಯಾಕ್ಟರು ಮಾತ್ರ ಎಂಟು. “ಎಂಟಲ್ಲ, ಐದು” ಎನ್ನುತ್ತಾರೆ ತಾತ. ಓಡದೆ ನಿಂತಿರುವವು ಅವರ ಲೆಕ್ಕದಲ್ಲಿ ಟ್ರ್ಯಾಕ್ಟರಲ್ಲ, ಬಿಡಿಭಾಗ. ಅವರ ಹೆಂಡತಿ ಎಣಿಸುವುದು ಸೀಟುಗಳನ್ನು. ಅದು ಹನ್ನೊಂದಕ್ಕೆ ಬರುತ್ತದೆ.

ಟ್ರ್ಯಾಕ್ಟರ್ ಎಂದರೆ ಮಂಡ್ಯದ ರಸ್ತೆಯಲ್ಲಿ ಎರಡು ಟ್ರೈಲರ್ ಕಬ್ಬು ಎಳೆದುಕೊಂಡು ಹಿಂದಿನ ಬಸ್ಸಿಗೆ ದಾರಿ ಬಿಡದೆ ಹೋಗುತ್ತದಲ್ಲ, ಅದಲ್ಲ. ಇದು ಗಾರ್ಡನ್ ಟ್ರ್ಯಾಕ್ಟರ್: ಸೊಂಟದೆತ್ತರ, ಏಳರಿಂದ ಹದಿನಾರು ಕುದುರೆ ಬಲ, ಒಂದೇ ಸೀಟು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ನರು ಪೇಟೆ ಬಿಟ್ಟು ಹೊರವಲಯದಲ್ಲಿ ಮನೆ ಕಟ್ಟಿಕೊಂಡರು. ಸುತ್ತ ಹುಲ್ಲು ಬೆಳೆಸಿದರು. ಬೆಳೆದ ಹುಲ್ಲು ಕೊಯ್ಯಬೇಕಾಯಿತು, ಚಳಿಗಾಲದಲ್ಲಿ ಹಿಮ ತಳ್ಳಬೇಕಾಯಿತು. 1946ರಲ್ಲಿ ಇಂಡಿಯಾನಾದ ಸೌತ್ ಬೆಂಡಿನಲ್ಲಿ ಎಲ್ಮರ್ ಪಾಂಡ್, ಸೆಸಿಲ್ ಪಾಂಡ್ ಎಂಬ ಅಪ್ಪ-ಮಗ ಶುರು ಮಾಡಿದ ಪುಟ್ಟ ಉದ್ಯೋಗ ಮುಂದೆ ‘ವೀಲ್ ಹಾರ್ಸ್’ ಆಯಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1960ರಲ್ಲಿ ‘ಕಬ್ ಕೆಡೆಟ್’ ತಂದಿತು. ಹೊಲದ ಟ್ರ್ಯಾಕ್ಟರು ಮಾಡುತ್ತಿದ್ದ ಜಾನ್ ಡಿಯರ್ ತಡೆಯಲಾರದೆ 1963ರಲ್ಲಿ ‘110’ ಎಂಬ ಮರಿ ಹಾಕಿತು. ಪೇಟೆಯ ಗುಮಾಸ್ತನೂ ಶನಿವಾರ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ರೈತನಾಗುವ ಸೌಲಭ್ಯ ದೊರೆತದ್ದು ಹೀಗೆ.

ಈ ತಾತಂದಿರಲ್ಲಿ ಪಂಗಡಗಳುಂಟು. ಕೆಂಪು ಎಂದರೆ ವೀಲ್ ಹಾರ್ಸ್, ಹಳದಿ-ಬಿಳಿ ಎಂದರೆ ಕಬ್ ಕೆಡೆಟ್, ಹಸಿರು-ಹಳದಿ ಎಂದರೆ ಜಾನ್ ಡಿಯರ್. ನಮ್ಮ ತಾತ ಹಸಿರಿನವರು. ಅವರ ಮುಂದೆ 1969ರ ಮಾತೆತ್ತಬಾರದು. ಆ ವರ್ಷ ಜಾನ್ ಡಿಯರ್ ಕಂಪನಿ, ಗೃಹಿಣಿಯರೂ ಮೆಚ್ಚಲಿ ಎಂದೋ ಏನೋ, ‘ಪ್ಯಾಟಿಯೊ’ ಎಂಬ ಹೆಸರಿನಲ್ಲಿ ಬಿಳಿ ಮೈಗೆ ಕೆಂಪು, ಕಿತ್ತಳೆ, ನೀಲಿ, ಹಳದಿ ಬಾನೆಟ್ಟು ಹಾಕಿ ಮಾರಿತು. “ಕಿತ್ತಳೆ!” ಎಂದು ತಾತ ಈಗಲೂ ಹಲ್ಲು ಕಡಿಯುತ್ತಾರೆ. ಹಾಗೆ ಕಡಿಯುತ್ತಲೇ ಅಂಥದೊಂದು ಕಿತ್ತಳೆ ಬಾನೆಟ್ಟಿಗಾಗಿ ಮೂರು ರಾಜ್ಯ ಹುಡುಕಿದ್ದಾರೆ. ಆಗ ಯಾರೂ ಕೊಳ್ಳದ ಕಾರಣ ಈಗ ಅದು ಅಪರೂಪ. ಅಪರೂಪವಾದ್ದರಿಂದ ಬೇಕೇ ಬೇಕು.

ಪಂಗಡ ಯಾವುದಾದರೂ ಬಾನೆಟ್ಟು ಎತ್ತಿದರೆ ಒಳಗೆ ಇರುವುದು ಬಹುಪಾಲು ಕೋಹ್ಲರ್ ಎಂಜಿನ್. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳ ಬಚ್ಚಲಿನಲ್ಲಿ ನಲ್ಲಿ, ಕಮೋಡುಗಳ ಮೇಲೆ ಕಾಣುವ ಅದೇ ಕೋಹ್ಲರ್. ಇಲ್ಲೇ ವಿಸ್ಕಾನ್ಸಿನ್ನಿನ ಕಂಪನಿ. 1883ರಲ್ಲಿ ಅದರ ಸ್ಥಾಪಕರು ಕುದುರೆಗಳಿಗೆ ನೀರಿಡುವ ಕಬ್ಬಿಣದ ತೊಟ್ಟಿಗೆ ಎನಾಮಲ್ ಬಳಿದು, ನಾಲ್ಕು ಕಾಲು ಹಚ್ಚಿ, ಸ್ನಾನದ ತೊಟ್ಟಿಯೆಂದು ಮಾರಿದರು. ಆಮೇಲೆ ಕಂಪನಿ ಎಂಜಿನ್ನಿಗೂ ಕೈ ಹಾಕಿತು. ನಾವು ಮನೆ ಕೊಂಡಾಗ ಬಚ್ಚಲು ನೋಡಲು ಬಂದ ತಾತ ಕಮೋಡಿನ ಮೇಲಿನ ಹೆಸರು ಓದಿ “ಒಳ್ಳೆ ಎಂಜಿನ್” ಎಂದು ತಲೆದೂಗಿದ್ದು ನನಗೆ ಅರ್ಥವಾದದ್ದು ತುಂಬ ತಡವಾಗಿ.

ಹೊಸ ಟ್ರ್ಯಾಕ್ಟರು ಮನೆಗೆ ಬರುವ ಬಗೆಯಲ್ಲಿ ಒಂದು ಕ್ರಮವಿದೆ. ಮೊದಲು ಜಾಹೀರಾತು: ‘ನಿಲ್ಲಿಸಿದಾಗ ಓಡುತ್ತಿತ್ತು.’ ಈ ಎರಡು ಪದಗಳಿಗೆ ಮರುಳಾಗದ ತಾತ ಇಡೀ ಅಮೆರಿಕದಲ್ಲಿಲ್ಲ. ನಿಲ್ಲಿಸಿದ್ದು ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದ ಕಾಲದಲ್ಲಿ ಎಂಬುದು ಅಲ್ಲಿ ಹೋದ ಮೇಲೆ ತಿಳಿಯುತ್ತದೆ. ಏರ್ ಕ್ಲೀನರಿನಲ್ಲಿ ಇಲಿಯ ಸಂಸಾರ, ಪೆಟ್ರೋಲ್ ಟ್ಯಾಂಕಿನಲ್ಲಿ ವಾರ್ನಿಷ್ಷು, ಸೀಟಿನ ಸ್ಪಂಜಿನಲ್ಲಿ ಎಳೆಯ ಮೇಪಲ್ ಗಿಡ. ತಾತ ಫ್ಲೈವೀಲಿಗೆ ಕೈಯಿಟ್ಟು ತಿರುಗಿಸಿ ನೋಡುತ್ತಾರೆ. ತಿರುಗಿದರೆ “ಎಂಜಿನ್ ಹಿಡಿದಿಲ್ಲ” ಎಂದು ಕೊಳ್ಳುತ್ತಾರೆ. ತಿರುಗದಿದ್ದರೆ “ಬಿಡಿಭಾಗಕ್ಕಾಯಿತು” ಎಂದು ಕೊಳ್ಳುತ್ತಾರೆ.

ಬಿಡಿಭಾಗಕ್ಕೆಂದು ತಂದದ್ದನ್ನು ಬಿಚ್ಚಲು ಹೊರಟರೆ ಅದರ ಗೇರ್ ಬಾಕ್ಸು ಮೊದಲನೆಯದರದ್ದಕ್ಕಿಂತ ಚೆನ್ನಾಗಿರುತ್ತದೆ. ಇಷ್ಟು ಒಳ್ಳೆಯದನ್ನು ಒಡೆಯುವುದು ಪಾಪ. ಹಾಗಾಗಿ ಅದನ್ನೂ ಉಳಿಸಬೇಕು. ಎರಡನ್ನೂ ಉಳಿಸಲು ಬಿಡಿಭಾಗ ಬೇಕು. ಅದಕ್ಕೆ ಮೂರನೆಯದು. ಸಂತಾನ ಬೆಳೆಯುವುದು ಹೀಗೆ.

ಮುಂದಿನದು ತುಕ್ಕಿನ ಚಿಕಿತ್ಸೆ. ಇದಕ್ಕೆ ಬೇಕಾದ ಔಷಧಿಯೆಲ್ಲ ಅಡುಗೆಮನೆಯಲ್ಲೇ ಇರುವುದು ಆ ಮನೆಯ ಅಜ್ಜಿಯ ದುರದೃಷ್ಟ. ಸಣ್ಣ ಭಾಗಗಳಿಗೆ ವಿನಿಗರ್. ದೊಡ್ಡವಕ್ಕೆ ಒಂದು ಡ್ರಮ್ಮು ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ತುಕ್ಕಿನ ಭಾಗಕ್ಕೆ ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ, ಕೆಲಸಕ್ಕೆ ಬಾರದ ಒಂದು ಕಬ್ಬಿಣದ ತುಂಡಿಗೆ ಪಾಸಿಟಿವ್ ತಂತಿ ಕಟ್ಟಿ ಮುಳುಗಿಸಿದರೆ, ಬೆಳಗಾಗುವಷ್ಟರಲ್ಲಿ ತುಕ್ಕು ಸಡಿಲಾಗಿ ಬಿಡುತ್ತದೆ. ಅವಸರವಿಲ್ಲದವರಿಗೆ ಕಾಕಂಬಿಯ ಸ್ನಾನ: ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಎರಡು ಮೂರು ವಾರ. ಕಬ್ಬಿಣ ಬೆಳ್ಳಗಾಗುತ್ತದೆ, ಬೀದಿಯವರ ಮುಖ ಕಪ್ಪಗಾಗುತ್ತದೆ. ಸಕ್ಕರೆ ಕಾರ್ಖಾನೆಯ ಪಕ್ಕದ ಹಳ್ಳ ದಾಟಿದವರಿಗೆ ಆ ವಾಸನೆ ಬಿಡಿಸಿ ಹೇಳಬೇಕಿಲ್ಲ. ಬಣ್ಣ ಹಚ್ಚಿದ ಬಿಡಿಭಾಗಗಳನ್ನು ಅಡುಗೆಯ ಅವನ್ನಿನಲ್ಲಿ ಕಾಯಿಸಿದ್ದೂ ಉಂಟು. ಆ ವರ್ಷ ಥ್ಯಾಂಕ್ಸ್‌ಗಿವಿಂಗಿನ ಟರ್ಕಿಯಲ್ಲಿ ಜಾನ್ ಡಿಯರ್ ಹಸಿರಿನ ಪರಿಮಳವಿತ್ತೆಂದು ಅಜ್ಜಿ ಹೇಳುತ್ತಾರೆ.

ಒಮ್ಮೆ ತಾತ ನನ್ನ ವಿಸಿಟಿಂಗ್ ಕಾರ್ಡ್ ಕೇಳಿದರು. ಸಾಫ್ಟ್‌ವೇರ್ ಕಂಪನಿಯಲ್ಲಿ ಬಡ್ತಿ ಸಿಕ್ಕ ಹೊಸದು, ಹೊಸ ಪದನಾಮ ಅಚ್ಚಾದ ಕಾರ್ಡು. ಹೆಮ್ಮೆಯಿಂದಲೇ ಕೊಟ್ಟೆ. ಅವರು ಅದನ್ನು ಓದಲಿಲ್ಲ. ಬೆರಳಲ್ಲಿ ಉಜ್ಜಿ ದಪ್ಪ ನೋಡಿದರು. ಬ್ರಿಗ್ಸ್ ಕಂಪನಿಯ ಎಂಜಿನ್ನಿನ ಫ್ಲೈವೀಲಿಗೂ ಇಗ್ನಿಷನ್ ಕಾಯಿಲಿಗೂ ನಡುವೆ ಒಂದು ಕಾರ್ಡಿನಷ್ಟೇ ಸಂದು ಬಿಡಬೇಕಂತೆ. ಕಾರ್ಡನ್ನು ನಡುವೆ ಸಿಕ್ಕಿಸಿ, ಸ್ಕ್ರೂ ಬಿಗಿದು, ಎಳೆದು ತೆಗೆದರು. “ಸರಿಯಾದ ದಪ್ಪ. ನಿಮ್ಮ ಕಂಪನಿ ಒಳ್ಳೆಯದು” ಎಂದರು. ಅಷ್ಟು ವರ್ಷದ ದುಡಿಮೆಯಲ್ಲಿ ನನಗೆ ಸಿಕ್ಕ ಅತ್ಯಂತ ಖಚಿತವಾದ ಮೌಲ್ಯಮಾಪನ ಅದು.

ಇಷ್ಟೆಲ್ಲ ಆದ ಮೇಲೆ ತಾತನ ಹುಲ್ಲು ಅಂದವಾಗಿರಬೇಕಲ್ಲ? ನಮ್ಮ ಬೀದಿಯಲ್ಲಿ ಹುಲ್ಲು ಮಿತಿಮೀರಿ ಬೆಳೆದಿದೆಯೆಂದು ಊರಾಡಳಿತದಿಂದ ನೋಟೀಸು ಬಂದದ್ದು ಅವರೊಬ್ಬರಿಗೇ. ರಿಪೇರಿಯಾಗದ ಟ್ರ್ಯಾಕ್ಟರಿನಿಂದ ಹುಲ್ಲು ಕೊಯ್ಯಲಾಗದು. ರಿಪೇರಿಯಾದದ್ದರ ಬಣ್ಣಕ್ಕೆ ಹುಲ್ಲಿನ ಕಲೆ ತಾಗಬಾರದು. ಕಡೆಗೆ ಅಜ್ಜಿಯೇ ಮೂಲೆಯಲ್ಲಿಟ್ಟ ತಳ್ಳುವ ಯಂತ್ರ ತೆಗೆದು ಕೊಯ್ದು ಮುಗಿಸುತ್ತಾರೆ, ಎಂಟು ಟ್ರ್ಯಾಕ್ಟರುಗಳ ಎದುರಿನಲ್ಲೇ. ಹಿಮದ ಮಾತು ಬೇರೆ. ಅದಕ್ಕಾಗಿ ತಾತ ಅಕ್ಟೋಬರಿನಿಂದಲೇ ಕಾಯುತ್ತಾರೆ. ಹಿಂದಿನ ಟೈರಿಗೆ ಭಾರಕ್ಕೆಂದು ಗಾಳಿಯ ಜೊತೆ ಕ್ಯಾಲ್ಸಿಯಂ ಕ್ಲೋರೈಡಿನ ನೀರು, ಮೇಲೆ ಸರಪಳಿ, ಮುಂದೆ ಬ್ಲೇಡು. ಒಂದಿಂಚು ಹಿಮ ಬಿದ್ದರೂ ಬೆಳಗಿನ ಐದಕ್ಕೆ ಇಡೀ ಬೀದಿಯ ಮನೆಗಳ ಮುಂದೆ ತಳ್ಳಿ ಮುಗಿಸಿರುತ್ತಾರೆ. ಅರ್ಧ ಇಂಚು ಬಿದ್ದಾಗ ಬೇಡವೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ನಾನೊಮ್ಮೆ ಬ್ಯಾಟರಿಯಿಂದ ಓಡುವ ನಮ್ಮ ಹೊಸ ಯಂತ್ರವನ್ನು ಹೊಗಳಿದೆ. ತಾತ ಸಮಾಧಾನದಿಂದ ಕೇಳಿ, 1969ರಲ್ಲೇ ಜನರಲ್ ಎಲೆಕ್ಟ್ರಿಕ್ ಕಂಪನಿ ‘ಎಲೆಕ್-ಟ್ರಾಕ್’ ಎಂಬ ಬ್ಯಾಟರಿ ಟ್ರ್ಯಾಕ್ಟರು ಮಾರುತ್ತಿತ್ತೆಂದು ಹೇಳಿದರು. ಅಷ್ಟಕ್ಕೇ ಬಿಡದೆ ನಮ್ಮ ಯಂತ್ರವನ್ನು ತಲೆಕೆಳಗಾಗಿಸಿ, ಬಿಚ್ಚಲು ಎಲ್ಲಿಯೂ ಸ್ಕ್ರೂ ಕಾಣದೆ, “ಇದು ಕೆಟ್ಟರೆ ಯಾರನ್ನು ಕೇಳುತ್ತೀರಿ?” ಎಂದರು.

ತಾತನ ಇಡೀ ಸಿದ್ಧಾಂತ ಆ ಪ್ರಶ್ನೆಯಲ್ಲಿದೆ. ಹಳೆಯ ಎಂಜಿನ್ ನಿಂತುಹೋದರೆ ಕಾರಣ ಮೂರೇ: ಕಿಡಿ ಇಲ್ಲ, ಪೆಟ್ರೋಲ್ ಇಲ್ಲ, ಇಲ್ಲವೇ ಕಂಪ್ರೆಷನ್ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯ ಸಂಗತಿ ಗೊತ್ತಾಗುತ್ತದೆ, ಮೂಸಿದರೆ ಪೆಟ್ರೋಲಿನದು. ಪ್ಲಗ್ಗಿನ ತೂತಿಗೆ ಹೆಬ್ಬೆರಳೊತ್ತಿ ಫ್ಲೈವೀಲ್ ತಿರುಗಿಸಿದರೆ ಕಂಪ್ರೆಷನ್ ತಾನೇ ಬೆರಳನ್ನು ತಳ್ಳಿ ಹೇಳುತ್ತದೆ. ತಪ್ಪು ಎಲ್ಲಿದೆಯೆಂದು ಕೈಗೆ ತಿಳಿಯುವ ಲೋಕ ಅದು. ಈಗ ದೊಡ್ಡ ಟ್ರ್ಯಾಕ್ಟರುಗಳ ಒಳಗೂ ಸಾಫ್ಟ್‌ವೇರ್ ಹೊಕ್ಕು, ತನ್ನದೇ ಟ್ರ್ಯಾಕ್ಟರನ್ನು ತಾನು ರಿಪೇರಿ ಮಾಡುವ ಹಕ್ಕಿಗಾಗಿ ಅಮೆರಿಕದ ರೈತರು ವರ್ಷಗಟ್ಟಲೆ ಜಗಳಾಡಬೇಕಾಯಿತು. 2023ರಲ್ಲಿ ಕೊಲರಾಡೊ ರಾಜ್ಯ ಅದಕ್ಕೆಂದೇ ಕಾನೂನು ಮಾಡಿತು. ಆ ಸುದ್ದಿಯ ಪತ್ರಿಕೆಯ ತುಣುಕು ತಾತನ ಶೆಡ್ಡಿನ ಗೋಡೆಯಲ್ಲಿದೆ. ಅದಕ್ಕೆ ಹೊಡೆದ ಮೊಳೆ ಮಾತ್ರ ತುಕ್ಕು ಹಿಡಿದಿದೆ.

ಒಂದು ಬೇಸಿಗೆಯಲ್ಲಿ ಅಪ್ಪ-ಅಮ್ಮ ತಿಪಟೂರಿನಿಂದ ಬಂದರು. ಅಪ್ಪ ತೆಂಗಿನ ತೋಟದಲ್ಲಿ ಪವರ್ ಟಿಲ್ಲರಿನ ಹಿಂದೆ ಅರ್ಧ ಆಯುಷ್ಯ ನಡೆದವರು. ಬಂದ ಮಾರನೆಯ ದಿನವೇ ಬೇಲಿಯಾಚೆ ನೋಡಿ ಕೇಳಿದರು:

“ಇವರಿಗೆ ಹಸು ಇಲ್ವೇನೋ?”

“ಇಲ್ಲಪ್ಪ.”

“ಮತ್ತೆ ಹುಲ್ಲು ಯಾಕೆ ಬೆಳೀತಾರೆ?”

“ಕೊಯ್ಯೋಕೆ.”

“ಕೊಯ್ದು?”

“ಮತ್ತೆ ಬೆಳೆಯೋಕೆ ಬಿಡ್ತಾರೆ.”

ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, “ಸರ್ಕಾರಿ ಕೆಲಸ ಇದ್ದಂಗಿದೆ” ಎಂದರು.

ಅಷ್ಟರಲ್ಲಿ ತಾತ ಒಂದು ಟ್ರ್ಯಾಕ್ಟರಿಗೆ ಜೀವ ಕೊಟ್ಟರು. ಅದು ಏರಿ ಇಳಿದು, ಏರಿ ಇಳಿದು ಏದುಸಿರು ಬಿಡತೊಡಗಿತು. ಅಪ್ಪನ ಕಿವಿ ನಿಮಿರಿತು. “ಎಲ್ಲೋ ಗಾಳಿ ಎಳೀತೈತೆ ಕಣೋ. ಕಾರ್ಬೊರೇಟರ್ ಗ್ಯಾಸ್ಕೆಟ್ ನೋಡೋಕೆ ಹೇಳು.” ನಾನು ಇಂಗ್ಲಿಷಿಗೆ ತಿರುಗಿಸಲು ಪದ ಹುಡುಕುವಷ್ಟರಲ್ಲಿ ಅಪ್ಪ ಬೇಲಿ ದಾಟಿ, ಕಾರ್ಬೊರೇಟರಿನ ಬುಡಕ್ಕೆ ಬೆರಳು ತೋರಿಸಿ ಉಫ್ ಎಂದು ಊದಿದ್ದರು. ತಾತ ಆ ಸಂದಿಗೆ ಕ್ಲೀನರ್ ಚಿಮುಕಿಸಿದರು. ಎಂಜಿನ್ನಿನ ಸದ್ದು ಬದಲಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಲ್ಲಿಂದ ಮುಂದೆ ಅಪ್ಪ ನಮ್ಮ ಮನೆಗೆ ಬರುತ್ತಿದ್ದುದು ಊಟಕ್ಕೆ.

ಶರತ್ಕಾಲದಲ್ಲಿ ತಾತನ ಬಳಗದ ಉಳುಮೆ ಜಾತ್ರೆ. ಯಾರದೋ ಕೊಯ್ಲಾದ ಹೊಲಕ್ಕೆ ಇಪ್ಪತ್ತು ಮೂವತ್ತು ಪುಟಾಣಿ ಟ್ರ್ಯಾಕ್ಟರುಗಳು, ಹಿಂದೆ ಬ್ರಿನ್ಲಿ ಕಂಪನಿಯ ಹತ್ತಿಂಚಿನ ನೇಗಿಲು. ಒಂದು ಕಡೆಯ ಗಾಲಿಗಳನ್ನು ಹಿಂದಿನ ಸಾಲಿನೊಳಗೆ ಇಳಿಸಿ, ಓರೆಯಾಗಿ ವಾಲಿಕೊಂಡೇ ಹೋಗಬೇಕು. ದೊಡ್ಡ ಟ್ರ್ಯಾಕ್ಟರು ಗಳಿಗೆಯಲ್ಲಿ ಮುಗಿಸುವುದನ್ನು ಇವರು ಸಂಜೆಯವರೆಗೆ ಉಳುತ್ತಾರೆ. ಅಪ್ಪ ನೋಡುತ್ತಿದ್ದರು. “ಇವರಿಗೆ ಕೂಲಿ ಎಷ್ಟು?” ಕೂಲಿಯಿಲ್ಲ, ಉಳಲು ಬಿಟ್ಟದ್ದಕ್ಕೆ ಹೊಲದ ಯಜಮಾನನಿಗೆ ಇವರೇ ಕೇಕು ತಂದಿದ್ದಾರೆ ಎಂದೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಆದರೆ ತಾತ ಸೀಟು ಬಿಟ್ಟುಕೊಟ್ಟಾಗ ಎರಡನೇ ಮಾತಾಡದೆ ಹತ್ತಿ ಕೂತರು. ಅಂದು ಅಲ್ಲಿ ಬಿದ್ದ ಸಾಲುಗಳಲ್ಲಿ ನೇರವಾಗಿದ್ದದ್ದು ಅದೊಂದೇ. ಬಳಗದವರೆಲ್ಲ ಬಂದು ಫೋಟೊ ತೆಗೆದುಕೊಂಡರು, ಅಪ್ಪನದಲ್ಲ, ಸಾಲಿನದು.

ಅಪ್ಪ-ಅಮ್ಮ ಊರಿಗೆ ಮರಳಿ ಹೆಚ್ಚು ದಿನವಾಗಿರಲಿಲ್ಲ. ಅಮ್ಮನ ಫೋನು ಬಂತು.

“ನಿಮ್ಮಪ್ಪ ಗುಜರಿಗೆ ಹಾಕಿದ್ದ ಹಳೇ ಟಿಲ್ಲರನ್ನ ವಾಪಸ್ ತಂದವ್ರೆ ಕಣೋ. ಮಾರಿದ್ದಕ್ಕಿಂತ ಜಾಸ್ತಿ ಕೊಟ್ಟು. ಅದಕ್ಕೆ ಬಿಡಿಭಾಗ ಬೇಕಂತ ಇನ್ನೊಂದು ಬಂದೈತೆ. ಕೊಟ್ಟಿಗೇಲಿ ಡ್ರಮ್ಮಿಟ್ಟು ಅದೇನೋ ಕಾಕಂಬಿ ತುಂಬವ್ರೆ, ಹಸು ಹಾಲು ಕೊಡ್ತಿಲ್ಲ. ಆ ನಿಮ್ಮ ಪಕ್ಕದ್ಮನೆ ಅಜ್ಜಿ ನಂಬರ್ ಕೊಡು.”

“ನಿಂಗೆ ಇಂಗ್ಲಿಷ್ ಬರಲ್ವಲ್ಲಮ್ಮಾ?”

“ಇದನ್ನ ಹೇಳ್ಕೊಳ್ಳೋಕೆ ಇಂಗ್ಲಿಷ್ ಯಾಕೋ ಬೇಕು?”