ಪರಿಚಾರಕ ಕೋಶಮೀಮಾಂಸೆ: ಒಂದು ಬಹುಶಿಸ್ತೀಯ ಅನುಸಂಧಾನ

ಪೀಠಿಕೆ: ನರಮಂಡಲವೆಂಬ ಬಹುಸ್ತರೀಯ ಸಂಕಥನದಲ್ಲಿ ನರಕೋಶವು ‘ಕೇಂದ್ರ’ವೆಂದೂ ಗ್ಲಿಯಾ ಕೋಶವು ‘ಅಂಚು’ ಎಂದೂ ನಿರ್ವಚಿಸಲ್ಪಟ್ಟಿರುವುದು ವಿದ್ವದ್ವಲಯಕ್ಕೆ ವಿದಿತವೇ ಆಗಿದೆ. ಕೇಂದ್ರವು ಉದ್ಘಾಟಿಸುತ್ತದೆ, ಅಂಚು ಕುರ್ಚಿ ಹಾಕುತ್ತದೆ. ಸದರಿ ಕುರ್ಚಿ ಹಾಕುವವರನ್ನು ಆರು ವರ್ಗಗಳಲ್ಲಿ ನೆಲೆಗೊಳಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಯತ್ನ.

ವರ್ಗ 1: ಪರಿಸರ-ಸಮಸ್ಥಿತಿ-ನಿರ್ವಾಹಕ ತಾರಾಕೋಶ, ಅರ್ಥಾತ್ ಆಸ್ಟ್ರೋಸೈಟ್. ನರಕೋಶಗಳು ಮಾತು ಮುಗಿಸಿದ ಮೇಲೆ ಅವುಗಳ ನಡುವಿನ ಸಂಧಿಯಲ್ಲಿ ಉಳಿದ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಬಳಿದು, ಹೆಚ್ಚಾದ ಪೊಟ್ಯಾಸಿಯಮ್ಮನ್ನು ಹೀರಿಕೊಳ್ಳುವ ಈ ಕ್ರಿಯೆಯನ್ನು ‘ಸಂವಾದೋತ್ತರ ಶುದ್ಧೀಕರಣ’ ಎನ್ನತಕ್ಕದ್ದು. ಬಳಿಯದೆ ಬಿಟ್ಟರೆ ಅದೇ ಗ್ಲುಟಮೇಟ್ ಭಾಷಣಕಾರರನ್ನೇ ಕೊಲ್ಲುತ್ತದೆ. ದುರದೃಷ್ಟವಶಾತ್, ಸಭಾಂಗಣಗಳಲ್ಲಿ ಹಾಗಾಗುವುದಿಲ್ಲ.

ವರ್ಗ 2: ತಂತು-ವೇಷ್ಟನ-ಪ್ರವೃತ್ತ ಆಲಿಗೊಡೆಂಡ್ರೊಸೈಟ್. ಒಂದೊಂದು ಕೋಶವೂ ಹತ್ತಾರು ನರತಂತುಗಳಿಗೆ ಮಯಲಿನ್ ಎಂಬ ಹೊದಿಕೆ ಸುತ್ತುತ್ತದೆ. ಹೊದಿಕೆಯಿಲ್ಲದ ತಂತುವಿನಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ತೆವಳುವ ಸಂದೇಶ, ದಪ್ಪ ಹೊದಿಕೆಯ ತಂತುವಿನಲ್ಲಿ ನೂರು ಮೀಟರ್ ಓಡೀತು. ಕೀರ್ತಿ ಮಾತ್ರ ತಂತುವಿಗೆ.

ವರ್ಗ 3: ಮೈಕ್ರೋಗ್ಲಿಯಾ. ಸೋಂಕು ಕಾಯುವುದು, ಸತ್ತ ಕೋಶಗಳನ್ನು ನುಂಗುವುದು, ಬೇಡದ ಸಂಧಿಗಳನ್ನು ಸವರುವುದು ಇವುಗಳ ಕೆಲಸ. 1919ರಲ್ಲಿ ಇವನ್ನು ಬೇರೆಯಾಗಿ ಗುರುತಿಸಿದವನು ಸ್ಪೇನಿನ ಪಿಯೊ ದೆಲ್ ರಿಯೊ ಒರ್ತೇಗಾ. ಮರುವರ್ಷವೇ ನರಕೋಶದ ಮಹಾಗುರು, 1906ರ ನೊಬೆಲ್ ವಿಜೇತ ಕಹಾಲ್, ಅವನನ್ನು ತನ್ನ ಪ್ರಯೋಗಾಲಯದಿಂದ ಹೊರಗೆ ಹಾಕಿದ. ಒರ್ತೇಗಾ ಹೊರಗೆ ಕೂತೇ 1921ರಲ್ಲಿ ಆಲಿಗೊಡೆಂಡ್ರೊಸೈಟನ್ನು ವಿವರಿಸಿದ. ಇದನ್ನು ‘ಅಂಚಿನಿಂದ ಜ್ಞಾನೋತ್ಪಾದನೆ’ ಎಂದರೆ ನನಗೂ ಒಂದು ಶಾಲು ಸಿಕ್ಕೀತು.

ವರ್ಗ 4, ಎಪೆಂಡೈಮಾ ಕೋಶ. ಉಪವರ್ಗ 4(ಆ), ಉಪಗ್ರಹ ಕೋಶ... ಇರಲಿ ಬಿಡಿ.

ಇಂಥದೇ ಭಾಷೆಯ ದಿಕ್ಸೂಚಿ ಭಾಷಣವೊಂದನ್ನು ಕೇಳಿ ಬಂದವನು ನಾನು. “ನರಕೋಶ ಒಂದಕ್ಕೆ ಗ್ಲಿಯಾ ಹತ್ತು” ಎಂದು ಘೋಷಿಸಿದರು, ಚಪ್ಪಾಳೆ ಬಿತ್ತು. ಎಣಿಸಿದವರು ಯಾರು ಸ್ವಾಮಿ? ದಶಕಗಳ ಕಾಲ ಒಂದು ಪುಸ್ತಕ ನೋಡಿ ಇನ್ನೊಂದು ಪುಸ್ತಕ ಬರೆದರು. ಬ್ರೆಜಿಲಿನ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಮತ್ತು ಸಂಗಡಿಗರು ಮಿದುಳನ್ನೇ ದ್ರಾವಣ ಮಾಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸಿದರು. 2009ರ ಲೆಕ್ಕ: ನರಕೋಶ ಸುಮಾರು 8,600 ಕೋಟಿ, ಉಳಿದೆಲ್ಲ ಕೋಶಗಳು ಸೇರಿ ಸುಮಾರು 8,500 ಕೋಟಿ. ಹೆಚ್ಚುಕಡಿಮೆ ಸಮ. ಆಳುಗಳು ಎಷ್ಟು ಮಂದಿ ಎಂದು ಯಜಮಾನ ಯಾವತ್ತು ನೋಡಿದ್ದಾನೆ, ಅಂದಾಜಿನಲ್ಲಿ “ಬೇಕಾದಷ್ಟು ಜನ ಇದ್ದಾರೆ” ಅಂದರಾಯಿತು.

ವರ್ಗ 5ಕ್ಕೆ ಶ್ವಾನ್ ಕೋಶವನ್ನು ಇಟ್ಟುಕೊಂಡಿದ್ದೆ, ಒಂದು ಭಾರಿ ಸಮಾಸಪದದ ಜೊತೆಗೆ. ಕೈಕಾಲಿನ ನರಗಳಿಗೆ ಕಾವಲು ಅದು. ಕುಷ್ಠದ ಬ್ಯಾಕ್ಟೀರಿಯಾ ಹೊಕ್ಕು ಕೂರುವುದು ಅದರೊಳಗೇ. ಆಮೇಲೆ ಕೈಯ ಸ್ಪರ್ಶ ಹೋಗಿ, ಒಲೆಯಿಂದ ಕಾದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ ಹೆಂಗಸು, ಬೊಬ್ಬೆ ಎದ್ದದ್ದನ್ನು ಕಣ್ಣಲ್ಲಿ ನೋಡಿ ತಿಳಿಯಬೇಕು. ಔಷಧ ಪುಕ್ಕಟೆ, ರೋಗ ವಾಸಿಯಾಗುತ್ತದೆ. ತಡವಾಗಿ ಬಂದವರಿಗೆ ಹೋದ ಸ್ಪರ್ಶ ಬಹಳ ಸಲ ಮರಳುವುದಿಲ್ಲ. ಆ ಸಮಾಸಪದವನ್ನು ಹೊಡೆದು ಹಾಕಿದ್ದೇನೆ. ಆರನೆಯ ವರ್ಗವನ್ನು ಯಾರಾದರೂ ಪಿಎಚ್‌.ಡಿ.ಗೆ ಇಟ್ಟುಕೊಳ್ಳಲಿ.