ಕುಕ್ಕುಟ ಶುಶ್ರೂಷೆ

ನಿವೃತ್ತನಾದ ತಹಶೀಲ್ದಾರನು ತೋಟ ಮಾಡುವನು. ನಿವೃತ್ತನಾದ ಫೌಜುದಾರನು ದೇವಸ್ಥಾನದ ಕಮಿಟಿಯನ್ನು ಸೇರಿ ದೇವರ ಮೇಲೆ ಕಣ್ಣಿಡುವನು. ನಿವೃತ್ತನಾದ ಕನ್ನಡ ಮಾಸ್ತರನಿಗೆ ಮಾತ್ರ ಈ ಲೋಕದಲ್ಲಿ ಬೇರೊಂದು ಉದ್ಯೋಗ ಒಗ್ಗುವುದಿಲ್ಲ, ಏಕೆಂದರೆ ಅವನು ನಿವೃತ್ತನಾದದ್ದು ಸರಕಾರದ ಕಾಗದದಲ್ಲಿಯೇ ಹೊರತು ಧ್ವನಿಯಲ್ಲಲ್ಲ. ಬಸ್ ನಿಲ್ದಾಣದಲ್ಲಿ ಗದ್ದಲ ಮಾಡುವ ಹುಡುಗರನ್ನು ಕಂಡರೆ ಅವನ ಬಲಗೈ ಇಲ್ಲದ ಬೆತ್ತವನ್ನು ತಾನಾಗಿ ಹುಡುಕುವುದು. ಮದುವೆಯ ಕರೆಯೋಲೆ ಬಂದರೆ ಅದರೊಳಗಿನ ಒತ್ತಕ್ಷರದ ತಪ್ಪುಗಳಿಗೆ ಕೆಂಪು ಗೆರೆ ಎಳೆದಲ್ಲದೆ ಅವನು ಮದುವೆಗೆ ಹೊರಡನು. ಮೃತ್ಯುಂಜಯ ವಿದ್ಯಾಪೀಠದ ದೆಸೆಯಿಂದ ಸುತ್ತಣ ಹಳ್ಳಿಗಳಿಗೆಲ್ಲ ವಿದ್ಯೆಯ ಊರೆನಿಸಿದ ಹಂಸಭಾವಿಯಲ್ಲಿ ಇಂಥ ಮಾಸ್ತರರಿಗೆ ಎಂದೂ ಬರಗಾಲವಿಲ್ಲ. ಇಲ್ಲಿ ಕಲ್ಲು ಎಸೆದರೆ ಮಾಸ್ತರರೊಬ್ಬರಿಗೆ ತಾಗುವುದು. ತಾಗಿದರೆ ಎಸೆದವನ ತಂದೆಯನ್ನು ಕರೆಸುವರು.

ನಾನು ಹೇಳಹೊರಟಿರುವ ಮಾಸ್ತರರದು ನಾಡಹೆಂಚಿನ ಮನೆ; ಮುಂದೆ ಕಟ್ಟೆ, ಹಿಂದೆ ಹಿತ್ತಲು. ಬೆಳಗಿನ ಲಿಂಗಪೂಜೆಯಾಗದೆ ಒಲೆ ಹೊತ್ತದ, ಮೊಟ್ಟೆಯಾಕಾರದ ವಿದ್ಯುದ್ದೀಪವನ್ನೂ ಸಂಶಯದಿಂದಲೇ ನೋಡುವ ಈ ಮನೆಗೆ ಹುಂಜವೊಂದು ಬಂದು ಸೇರಿದ್ದು, ಮೊಮ್ಮಗನು ಜಾತ್ರೆಯಲ್ಲಿ ಅತ್ತು ಕರೆದು ಕೊಂಡುಕೊಂಡ ಗುಲಾಬಿ ಬಣ್ಣದ ಮರಿಯ ರೂಪದಲ್ಲಿ. ಮೊಟ್ಟೆಯ ವ್ಯಾಪಾರಕ್ಕಾಗಿ ಮರಿ ಮಾಡಿಸುವವರಲ್ಲಿ ಗಂಡುಮರಿಗೆ ಬೆಲೆಯಿಲ್ಲ; ಮೊಟ್ಟೆಯಿಡಲು ಬಾರದ, ಬೇಗ ಮೈ ತುಂಬಿಕೊಳ್ಳಲೂ ತಿಳಿಯದ ಆ ನಿರುಪಯುಕ್ತ ಜೀವಗಳಿಗೆ ಬಣ್ಣ ಬಳಿದು ಜಾತ್ರೆ ಸಂತೆಗಳಲ್ಲಿ ಮಾರುವರು; ಅವುಗಳಲ್ಲಿ ಬಹುಪಾಲು ಜಾತ್ರೆಯ ಬೆಂಡು ಬತ್ತಾಸು ತೀರುವುದಕ್ಕೆ ಮೊದಲೇ ತೀರಿಹೋಗುವುವು. ಇದು ತೀರಲಿಲ್ಲ. ಮೊಮ್ಮಗನು ಹುಬ್ಬಳ್ಳಿಯ ಇಂಗ್ಲಿಷ್ ಶಾಲೆಗೆ ಹೋದನು, ಬಣ್ಣವು ಮಳೆಯ ನೀರಿಗೆ ಹೋಯಿತು, ಉಳಿದದ್ದು ಬೆಳ್ಳಗಿನ ದೊಡ್ಡದೊಂದು ಹುಂಜ. ಅದನ್ನು ಮಾರಿದರೆ ಕೊಂಡವನು ಏನು ಮಾಡುವನೆಂಬುದು ಮನೆಯವರಿಗೆ ಗೊತ್ತು; ದಾನ ಮಾಡಿದರೂ ಅದೇ ಫಲ. ಹೀಗೆ ಧರ್ಮಸಂಕಟದಿಂದಲೇ ಹುಂಜವು ಆ ಮನೆಯ ಕಾಯಂ ಸದಸ್ಯನಾಯಿತು.

ಇದರಿಂದ ಹುಂಜಕ್ಕೆ ಒದಗಿದ ಸ್ಥಾನವು ಎಷ್ಟು ಅಪೂರ್ವವಾದದ್ದೆಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಸೀಮೆಯಲ್ಲಿ ಹುಂಜದ ಆಯುಸ್ಸನ್ನು ಲೆಕ್ಕ ಹಾಕುವುದು ವರ್ಷಗಳಿಂದಲ್ಲ, ಬೀಗರಿಂದ. ಪ್ರಕೃತಿಯು ಅದಕ್ಕೆ ಐದೋ ಎಂಟೋ ವರ್ಷಗಳ ಬಾಳನ್ನು ಬರೆದಿದ್ದರೂ, ಮೊದಲನೆಯ ಬೀಗರು ಬರುವಷ್ಟರಲ್ಲಿ ಆ ಬರೆಹವು ಅಳಿಸಿಹೋಗುವುದು. ಹುಂಜ ಮಂಕಾಗಿ ನಿಂತಿತೆಂದರೆ ಮನೆಯಾಕೆ ವೈದ್ಯನನ್ನು ಹುಡುಕುವುದಿಲ್ಲ, ಒಣಕೊಬ್ಬರಿಯನ್ನು ಹುಡುಕುವಳು. ಆದ್ದರಿಂದ ಮುಪ್ಪಿನ ಹುಂಜವೆಂಬ ಪ್ರಾಣಿಯನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ. ಅದಕ್ಕೆ ಕಾಯಿಲೆಯಾದರೆ ಏನು ಮಾಡಬೇಕೆಂಬ ಶಾಸ್ತ್ರವಂತೂ ಹುಟ್ಟಿಯೇ ಇರಲಿಲ್ಲ. ಆ ಶಾಸ್ತ್ರದ ಪ್ರವರ್ತಕರಾಗುವ ಯೋಗವು ಈರುಳ್ಳಿಯನ್ನೇ ಹಿಡಿತದಲ್ಲಿ ಬಳಸುವ ನಮ್ಮ ಮಾಸ್ತರರ ಪಾಲಿಗೆ ಬಂದಿತು.

ಒಂದು ಬೆಳಗ್ಗೆ ಹುಂಜ ಕೂಗಲಿಲ್ಲ. ಓಣಿಯವರು ನೆಮ್ಮದಿಯಾಗಿ ಇನ್ನೊಂದು ಮಗ್ಗುಲಾದರು. ಮಾಸ್ತರರು ಮಾತ್ರ ಎದ್ದು ಕುಳಿತರು. ಜನ್ನನು ೧೨೦೯ರಲ್ಲಿ ಬರೆದ ಯಶೋಧರ ಚರಿತೆಯನ್ನು ಅವರು ಸೇವಾವಧಿಯುದ್ದಕ್ಕೂ ಪಾಠ ಹೇಳಿದವರು. ಅದರಲ್ಲಿ ದೇವಿಗೆ ಬಲಿಯೆಂದು ಮಾಡಿದ ಹಿಟ್ಟಿನ ಹುಂಜವೇ ಕತ್ತಿ ಬೀಳುವಾಗ ಕೂಗಿಬಿಡುವ ಪ್ರಸಂಗವನ್ನು ಹೇಳುವಾಗ ತರಗತಿಯ ಹಿಂದಿನ ಬೆಂಚಿನ ಉಡಾಳರೂ ನಿದ್ದೆಯಿಂದೆಚ್ಚರಗೊಳ್ಳುತ್ತಿದ್ದರಂತೆ. ಹಿಟ್ಟಿನ ಹುಂಜ ಕೂಗುವುದನ್ನು ಇಷ್ಟು ವರ್ಷ ವರ್ಣಿಸಿದವರಿಗೆ ರಕ್ತಮಾಂಸದ ಹುಂಜವು ಕೂಗದೆ ಇರುವುದು ಸಹ್ಯವಾದೀತೆ? ಅದೂ ಅಲ್ಲದೆ, ಹಿಟ್ಟಿನ ಹುಂಜವನ್ನು ಕೊಂದ ಸಂಕಲ್ಪಮಾತ್ರಕ್ಕೆ ರಾಜನೂ ರಾಜಮಾತೆಯೂ ನವಿಲು ನಾಯಿಗಳಿಂದ ತೊಡಗಿ ಕಡೆಗೆ ಕೋಳಿಗಳಾಗಿಯೂ ಹುಟ್ಟಿ ತೊಳಲಬೇಕಾಯಿತಾದರೆ, ನಿಜವಾದ ಹುಂಜವನ್ನು ಅಲಕ್ಷ್ಯದಿಂದ ಸಾಯಗೊಡುವವನು ಎಷ್ಟು ಜನ್ಮ ತಿರುಗಬೇಕೆಂಬ ತ್ರೈರಾಶಿಕವೂ ಅವರ ಮನಸ್ಸಿನಲ್ಲಿ ನಡೆದಿರಬೇಕು.

ಹುಂಜವು ಬಚ್ಚಲ ಗೋಡೆಯ ಮಗ್ಗುಲಿಗೆ ಗರಿ ಉಬ್ಬಿಸಿಕೊಂಡು, ಕತ್ತನ್ನು ಮೈಯೊಳಕ್ಕೆಳೆದುಕೊಂಡು ನಿಂತಿತ್ತು. ಮಾಸ್ತರರು ಒಳಗಿನಿಂದ ಜ್ವರ ನೋಡುವ ಕಡ್ಡಿಯನ್ನು ತಂದು ಅದರ ರೆಕ್ಕೆಯ ಸಂದಿಯಲ್ಲಿರಿಸಿ, ಕೈಗಡಿಯಾರ ನೋಡುತ್ತ ನಿಂತು, ತೆಗೆದು ಓದಿದರು. ೧೦೬ ಡಿಗ್ರಿ! ಮನೆಯಲ್ಲಿ ಹಾಹಾಕಾರವೆದ್ದಿತು. ಮಾಸ್ತರರ ಹೆಂಡತಿ ಅಕ್ಕಾವರು ಎಷ್ಟೇ ಮಡಿವಂತೆಯಾದರೂ ತಾಯಿಕರುಳು. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ತಂದು ಹಣೆಗೆ ಹಾಕಹೋದರೆ ಹುಂಜಕ್ಕೆ ಹಣೆಯೆಂಬುದು ಎಲ್ಲಿ? ಜುಟ್ಟಿನ ಮೇಲೆಯೇ ಹೊದಿಸಿದರು. ಒದ್ದೆಬಟ್ಟೆಯನ್ನು ಮುಂಡಾಸಿನಂತೆ ಧರಿಸಿ ಕುಳಿತ ಆ ಹುಂಜವು, ಪಂಚಾಯ್ತಿಯ ಸಭೆಯಲ್ಲಿ ತನ್ನ ಮಾತು ಬಿದ್ದುಹೋದ ಹಿರಿಯನ ಗಾಂಭೀರ್ಯದಿಂದ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಿತು.

ಅಷ್ಟರಲ್ಲಿ ಸಲಹೆಗಾರರು ಬರತೊಡಗಿದರು. ಸರ್ವಜ್ಞನ ನಂಟು ಹೇಳುವ ಅಬಲೂರು, ಮಾಸೂರುಗಳು ಹಳೆಯ ಹಿರೇಕೆರೂರ ತಾಲ್ಲೂಕಿನ ಊರುಗಳೇ ಆಗಿರುವುದರಿಂದ, ಗೊತ್ತಿಲ್ಲವೆಂದು ಹೇಳುವುದು ತಾಲ್ಲೂಕಿಗೇ ಅವಮಾನವೆಂದು ನಮ್ಮ ಜನ ತಿಳಿದಂತಿದೆ. ಒಬ್ಬನು ಬೆಳ್ಳುಳ್ಳಿ ಅರೆದು ಹಾಕಿರೆಂದನು. ಒಬ್ಬನು ಮೆಣಸು ಎಂದನು. ಮತ್ತೊಬ್ಬನು ಅರಿಷಿಣ, ಶುಂಠಿ, ಉಪ್ಪು ಎಂದು ಮುಂದುವರಿಸಿ, ಆ ಪಟ್ಟಿಯು ಯಾವ ದಿಕ್ಕಿಗೆ ಹೋಗುತ್ತಿದೆಯೆಂಬುದು ತನಗೇ ಹೊಳೆದು ಕೊತ್ತಂಬರಿಯ ಬಳಿ ನಾಚಿ ನಿಲ್ಲಿಸಿದನು. ಹಿತ್ತಲ ಬೇಲಿಯಾಚೆಯ ಕಾಕಾನೊಬ್ಬನು ಮಾತ್ರ ಸತ್ಯವನ್ನೇ ನುಡಿದನು: “ಮಾಸ್ತರ್ರ, ಜೀವ ಹೋಗೂಕಿಂತ ಮೊದಲ ನಮ್ಮ ಕಡೆ ಕಳಸ್ರಿ. ಆಮ್ಯಾಲ ಆದರ ಯಾರಿಗೂ ಉಪಯೋಗಿಲ್ಲ.” ಮಾಸ್ತರರು ಅವನನ್ನು ಕಟ್ಟೆಯ ಕೆಳಗೆ ನಿಲ್ಲಿಸಿ ಭೂತದಯೆಯನ್ನು ಕುರಿತು ಒಂದು ಪೂರ್ತಿ ಪೀರಿಯಡ್ಡು ಪಾಠ ಮಾಡಿದರು. ಅವನು ಅವರ ಹಳೆಯ ವಿದ್ಯಾರ್ಥಿ, ಕೈಕಟ್ಟಿಕೊಂಡೇ ಕೇಳಿದನು. ಕೃಷಿಯ ವಿಷಯ ಓದಿದ ಯುವಕನೊಬ್ಬನು ಬಂದು “ಕೊಕ್ಕರೆ ರೋಗ ಇರಬೇಕ್ರಿ ಸರ್” ಎಂದಾಗ ಮಾತ್ರ ಎಲ್ಲರೂ ಸುಮ್ಮನಾದರು. ಆ ರೋಗವು ಹೊಕ್ಕ ಓಣಿಯಲ್ಲಿ ಕೋಳಿಯ ಸದ್ದೇ ಅಡಗಿಹೋಗುವುದನ್ನು ಕಂಡವರು ಅವರಲ್ಲಿ ಅನೇಕರಿದ್ದರು.

ಹುಂಜವನ್ನು ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಶಲ್ಯ ಹೊದಿಸಿ, ದನದ ದವಾಖಾನಿಗೆ ಒಯ್ದರು. ಶಲ್ಯವು ಶಿಕ್ಷಕರ ದಿನಾಚರಣೆಯಲ್ಲಿ ಸನ್ಮಾನಕ್ಕೆ ಹೊದಿಸಿದ್ದು. ಅಂಥವು ಮನೆಯಲ್ಲಿ ಹಲವಾರಿದ್ದವು. ಎಮ್ಮೆ, ಆಕಳು, ಕುರಿಗಳಿಗೆ ಒಗ್ಗಿದ ಡಾಕ್ಟರರು ಬುಟ್ಟಿಯನ್ನು ನೋಡಿ, ಹಿಂಡಿನಲ್ಲಿ ಎಷ್ಟು ಕೋಳಿಗಳಿವೆಯೆಂದು ಕೇಳಿದರು. ಒಂದೇ ಎಂಬ ಉತ್ತರ ಬಂದಿತು. ವಯಸ್ಸೆಷ್ಟೆಂದರು. ಐದು ತುಂಬಿ ಆರರಲ್ಲಿ ನಡೆಯುತ್ತಿದೆಯೆಂದು ಮಾಸ್ತರರು ಒಂದನೆಯ ಇಯತ್ತೆಗೆ ಹೆಸರು ಹಚ್ಚುವವರಂತೆ ಹೇಳಿದರು. ಡಾಕ್ಟರರು ಕನ್ನಡಕವನ್ನು ತೆಗೆದು ಒರೆಸಿಕೊಂಡು ಹುಂಜವನ್ನು ಇನ್ನೊಮ್ಮೆ ನೋಡಿದರು. ಅವರ ಕಣ್ಣಿನಲ್ಲಿದ್ದದ್ದು ಗೌರವವೆಂದೇ ನನಗೆ ತೋರಿತು.

ಆ ವೈದ್ಯರು ಬಲ್ಲವರು. ಕೋಳಿಯ ಮೈಶಾಖವು ೧೦೫ರಿಂದ ೧೦೭ ಡಿಗ್ರಿಗಳವರೆಗೆ ಇರುವುದೇ ಆರೋಗ್ಯವೆಂದೂ, ನಮ್ಮ ನಿಮ್ಮಂತೆ ೯೮ಕ್ಕೆ ಇಳಿದರೆ ಆಗ ಅಳಬೇಕೆಂದೂ ಹೇಳಿ ಒದ್ದೆಯ ಮುಂಡಾಸನ್ನು ತೆಗೆಸಿದರು. ಹಿಕ್ಕೆ ಹಸಿರಾಗಿಲ್ಲ, ಕತ್ತು ತಿರುಚಿಲ್ಲ, ಬಾಯಿ ತೆರೆದು ಏದುತ್ತಿಲ್ಲ. ಆದ್ದರಿಂದ ಕೊಕ್ಕರೆ ರೋಗವಲ್ಲ. ೧೯೨೬ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿಯೂ, ಅದಾದ ಒಂದೆರಡು ವರ್ಷಗಳಲ್ಲಿ ಹಿಮಾಲಯದ ರಾಣಿಖೇತದಲ್ಲಿಯೂ ಗುರುತಿಸಲ್ಪಟ್ಟು ಅಲ್ಲಿ ಆ ಊರಿನ ಹೆಸರನ್ನೂ ಇಲ್ಲಿ ಈ ಊರಿನ ಹೆಸರನ್ನೂ ಹೊತ್ತ ಆ ರೋಗಕ್ಕೆ ಮುಂಚಿತವಾಗಿ ಲಸಿಕೆ ಹಾಕಿಸುವುದೊಂದೇ ದಾರಿ, ಬಂದ ಮೇಲೆ ಮದ್ದಿಲ್ಲವೆಂಬ ವಿಷಯವನ್ನು ಡಾಕ್ಟರರು ವಿವರಿಸುತ್ತಿರುವಾಗ, ಮಾಸ್ತರರು ತಮ್ಮ ಚಿಂತೆಯನ್ನು ಮರೆತು ಜೇಬಿನ ಚೀಟಿಯ ಹಿಂದೆ ಇಸವಿಯನ್ನು ಬರೆದುಕೊಂಡರು. ಪರೀಕ್ಷೆಗೆ ಕೇಳಬಹುದಾದ ಪ್ರಶ್ನೆಯೊಂದು ಕಿವಿಗೆ ಬಿದ್ದರೆ ಈ ಜಾತಿಯವರಿಗೆ ಮನೆಗೆ ಬೆಂಕಿ ಬಿದ್ದಿದ್ದರೂ ಅಷ್ಟರ ಮಟ್ಟಿಗೆ ಸಮಾಧಾನವಾಗುವುದು.

ಕೊನೆಗೆ ರೋಗವು ಸಿಕ್ಕಿದ್ದು ಕೊರಳ ಬುಡದಲ್ಲಿ. ಕೋಳಿಯು ನುಂಗಿದ ಕಾಳು ಮೊದಲು ಅಲ್ಲಿನ ಚೀಲವೊಂದರಲ್ಲಿ ಕೂಡಿಕೊಂಡು, ನೆನೆದು, ಇಷ್ಟಿಷ್ಟಾಗಿ ಕೆಳಗಿಳಿಯುವುದು; ರಾತ್ರಿಯೆಲ್ಲ ಕಳೆದು ಬೆಳಗಾಗುವಷ್ಟರಲ್ಲಿ ಆ ಚೀಲವು ಬರಿದಾಗಿರಬೇಕು. ಇದರದು ಮಧ್ಯಾಹ್ನವಾದರೂ ಗಟ್ಟಿಯಾಗಿ ಉಬ್ಬಿಕೊಂಡಿತ್ತು. ಮನೆಯಲ್ಲಿ ಗೋವಿನಜೋಳದ ಚೀಲ ಬಿಚ್ಚಿದಾಗ ಬಿದ್ದ ಸುತಳಿಯ ಎಳೆಗಳನ್ನು ಹುಳುವೆಂದು ಭ್ರಮಿಸಿ ನುಂಗಿತ್ತೆಂದು ಆಮೇಲೆ ತಿಳಿಯಿತು. ಕಾಳು ಬಂದ್ ಮಾಡಿ, ಉಗುರುಬೆಚ್ಚಗಿನ ನೀರನ್ನೂ ಹನಿ ಶೇಂಗಾ ಎಣ್ಣೆಯನ್ನೂ ಕೊಟ್ಟು, ಆಗಾಗ ಆ ಚೀಲವನ್ನು ಮೆಲ್ಲನೆ ನೀವಬೇಕು. ಸಡಿಲವಾಗದಿದ್ದರೆ ಕೊಯ್ದು ತೆಗೆಯಬೇಕಾದೀತು. ಆದರೆ ಕೋಳಿಯ ಶ್ವಾಸನಾಳದ ಬಾಯಿಯು ನಾಲಗೆಯ ಬುಡದಲ್ಲೇ ತೆರೆದಿರುವುದರಿಂದ ನೀರನ್ನು ಸುರಿಯಲಾಗದು, ಕೊಕ್ಕಿನ ಅಂಚಿನಿಂದ ಒಂದೊಂದೇ ಹನಿ ಇಳಿಸಬೇಕು. ಅದೇ ಕಾರಣಕ್ಕೆ, ಕಾಲು ಹಿಡಿದು ತಲೆಕೆಳಗೆ ಮಾಡುವ ಹಳ್ಳಿಯ ಉಪಾಯವನ್ನಂತೂ ಸರ್ವಥಾ ಮಾಡಬಾರದು ಎಂದು ಅಪ್ಪಣೆಯಾಯಿತು.

ಮಾಸ್ತರರ ನಿಜವಾದ ವೈಭವ ಆರಂಭವಾದದ್ದು ಇಲ್ಲಿಂದ. ಆ ಸಂಜೆಯೇ ಅಟ್ಟದ ಮೇಲಿನಿಂದ ಹಳೆಯ ಹಾಜರಿ ಪುಸ್ತಕವೊಂದು ಕೆಳಗಿಳಿಯಿತು. ಮೊದಲನೆಯ ಹೆಸರಿನ ಸ್ಥಾನದಲ್ಲಿ ‘ಹುಂಜ’ ಎಂದು ದುಂಡಕ್ಷರಗಳಿಂದ ಬರೆದು, ನೀರು, ಎಣ್ಣೆ, ನೀವಿಕೆ, ಹಿಕ್ಕೆ, ವರ್ತನೆ ಎಂದು ಅಂಕಣಗಳನ್ನು ಎಳೆದರು. ವರ್ತನೆಯ ಅಂಕಣದಲ್ಲಿ ಮೊದಲ ದಿನ ‘ಸಾಧಾರಣ’ ಎಂದೂ, ಅಕ್ಕಾವರ ಬೆರಳನ್ನು ಕುಕ್ಕಿದ ದಿನ ‘ಉದ್ಧಟ, ಆದರೂ ಪ್ರಗತಿಯ ಲಕ್ಷಣ’ ಎಂದೂ ನಮೂದಾಯಿತು. ಗಂಟೆಗೊಮ್ಮೆ ಹಿತ್ತಲಿನಲ್ಲಿ ಚೊಂಬನ್ನು ಬಾರಿಸಿ ಅವರು ಹುಂಜವನ್ನು ಮಡಿಲಲ್ಲಿಟ್ಟುಕೊಂಡು ಕೊರಳು ನೀವುತ್ತ ಕುಳಿತಿದ್ದರೆ, ಎದುರುಮನೆಯ ಹುಡುಗರು ಆ ಗಂಟೆಗೆ ತಮ್ಮ ಮೊಬೈಲುಗಳನ್ನು ಬಚ್ಚಿಟ್ಟು ಪುಸ್ತಕ ತೆರೆಯುವರು; ಅದು ಅವರ ರಕ್ತದಲ್ಲಿ ಇಳಿದುಬಂದ ಭಯ, ಅವರ ತಂದೆಯಂದಿರೆಲ್ಲ ಇದೇ ಮಾಸ್ತರರ ಕೈಯಲ್ಲಿ ಕಲಿತವರು. “ನಾ ಹಡದಾಗ ಒಂದ ಗ್ಲಾಸ ನೀರ ಕೊಟ್ಟಿದ್ದಿಲ್ಲ ಇವ್ರು” ಎಂದು ಅಕ್ಕಾವರು ಅಡಿಗೆಮನೆಯಿಂದ ಆಗಾಗ ಇತಿಹಾಸವನ್ನು ನೆನಪಿಸುತ್ತಿದ್ದರು. ಹಾಗೆಂದವರೇ ಮಜ್ಜಿಗೆಯಲ್ಲಿ ಅನ್ನ ಕಿವುಚಿ, ಮೆತ್ತಗಾಗಿದೆಯೋ ಇಲ್ಲವೋ ಎಂದು ಬೆರಳಿನಿಂದ ಒತ್ತಿನೋಡಿ, ಯಾರೂ ಕಾಣದಂತೆ ಹಿತ್ತಲ ಬಾಗಿಲಿನಲ್ಲಿ ಇಟ್ಟುಹೋಗುವರು.

ಹುಂಜ ಗುಣವಾಯಿತು. ಅದು ಮತ್ತೆ ಕೂಗಿದ ಬೆಳಗ್ಗೆ ಓಣಿಯವರು ಬೈದುಕೊಂಡದ್ದನ್ನು ಬರೆಯುವುದು ಅನಾವಶ್ಯಕ. ಆದರೆ ಮಾಸ್ತರರ ಕೀರ್ತಿಯು ಮಾತ್ರ ಅಲ್ಲಿಗೆ ನಿಲ್ಲದೆ ಕೋಡ, ಚಿಕ್ಕೇರೂರುಗಳ ಕಡೆಗೆ ಬಸ್ಸು ಹತ್ತಿತು. ತೂಕಡಿಸುವ ಹ್ಯಾಟೆಗಳನ್ನೂ, ಜುಟ್ಟಿನ ಮೇಲೆ ಸಿಡುಬಿನ ಗುಳ್ಳೆಯೆದ್ದ ಹುಂಜಗಳನ್ನೂ ಕಂಕುಳಲ್ಲಿ ಇರುಕಿಕೊಂಡು ಜನರು ಬಂದು ಕಟ್ಟೆಯ ಮೇಲೆ ಸಾಲಾಗಿ ಕೂಡತೊಡಗಿದರು. ಮಾಸ್ತರರು ಒಂದೊಂದರ ಹೆಸರನ್ನೂ ದಾಖಲು ಮಾಡಿಕೊಂಡು, ತಮಗೆ ತಿಳಿದಷ್ಟನ್ನು ಹೇಳಿ, ತಿಳಿಯದ್ದಕ್ಕೆ ದವಾಖಾನಿಗೆ ಚೀಟಿ ಬರೆದುಕೊಟ್ಟರು. ಹೀಗೆ ಅವರು ಉಳಿಸಿದ ಮೊದಲನೆಯ ಪರಕೀಯ ರೋಗಿಯು ಚೇತರಿಸಿಕೊಂಡು ಮೈಕೈ ತುಂಬಿಕೊಂಡ ಮರುವಾರವೇ ರವಿವಾರದ ಊಟಕ್ಕೆ ಸಂದಿತೆಂಬ ಸಮಾಚಾರವು, ಅದೂ ಬಹಳ ರುಚಿಯಾಗಿತ್ತೆಂಬ ಕೃತಜ್ಞತೆಯ ಸಮೇತ, ಅವರ ಕಿವಿಗೆ ಬಿದ್ದಿತು. ಅಂದು ಅವರು ಊಟ ಮಾಡಲಿಲ್ಲ. ಮಾರನೆಯ ದಿನ ಕಟ್ಟೆಯ ಮೇಲೊಂದು ಕರಾರುಪತ್ರ ಸಿದ್ಧವಾಯಿತು: ಇಲ್ಲಿ ಗುಣವಾದ ಕೋಳಿಯನ್ನು ಆರು ತಿಂಗಳವರೆಗೆ ಕೊಯ್ಯತಕ್ಕದ್ದಲ್ಲ, ಅಲ್ಲಿಯವರೆಗೆ ತಿಂಗಳಿಗೊಮ್ಮೆ ಕರೆತಂದು ಹಾಜರಿ ಹಾಕಿಸತಕ್ಕದ್ದು.

ಬೇಲಿಯಾಚೆಯ ಕಾಕಾನೂ ತನ್ನ ಕೆಂಚು ಹುಂಜಕ್ಕಾಗಿ ಸಹಿ ಮಾಡಿದ್ದನು. ಮೊನ್ನೆ ಅವನ ಮನೆಗೆ ಬ್ಯಾಡಗಿಯಿಂದ ಬೀಗರು ಬಂದರು. ಅವನು ಹುಂಜವನ್ನು ಕಂಕುಳಲ್ಲಿಟ್ಟುಕೊಂಡು, ತಲೆಯ ಟೊಪ್ಪಿಗೆ ತೆಗೆದು, ಕಟ್ಟೆಯ ಕೆಳಗೆ ನಿಂತು, “ಮಾಸ್ತರ್ರ, ಆರ ತಿಂಗಳಾತ್ರಿ. ಇದರದ ಟಿ.ಸಿ. ಕೊಟ್ಟಬಿಡ್ರಿ,” ಎಂದನು. ಮಾಸ್ತರರು ಕನ್ನಡಕವನ್ನೇರಿಸಿ, ಪುಸ್ತಕವನ್ನು ಬಿಚ್ಚಿ, ಅಂಕಣಗಳ ಮೇಲೆ ಬೆರಳನ್ನು ನಿಧಾನವಾಗಿ ಆಡಿಸಿದರು. ಬೀಗರು ಬೇಲಿಯ ಮೇಲಿನಿಂದ ಇಣುಕಿ ನೋಡುತ್ತಿದ್ದರು.

“ಶ್ರಾವಣದಾಗ ಗೈರಹಾಜರಿ,” ಎಂದರು ಮಾಸ್ತರರು. “ದೀಪಾವಳಿಗೂ ಗೈರಹಾಜರಿ. ಹಾಜರಿ ಸಾಲೂದಿಲ್ಲ ತಮ್ಮಾ. ಇದು ಇದ ಇಯತ್ತೇದಾಗ ಇನ್ನೊಂದ ವರ್ಷ ಕೂಡಬೇಕು.”