ಸೋಮವಾರ ಕೆಲಸಕ್ಕೆ ಬರುವವರ ಪರವಾಗಿ

ಮಾನ್ಯ ಮಾಲಕರೇ,

ಉದ್ಯಮಬಾಗದ ನಿಮ್ಮ ಕಾರ್ಖಾನೆಗೆ ನಾನು ಸೇರಿ ಎಂಟು ತಿಂಗಳಾಯಿತು. ಮೊದಲ ದಿನ ಗೇಟಿನಲ್ಲಿ ಮುಕ್ಕಾಲು ತಾಸು ನಿಂತೆ. ರಿಜಿಸ್ಟರಿನಲ್ಲಿ ನನ್ನ ಹೆಸರಿರಲಿಲ್ಲ. ಒಳಗೆ ಫೋನು ಮಾಡಿಸಿದರೆ, "ಇವತ್ತ ಯಾರೂ ಬರೋರಿಲ್ಲಲ್ರಿ" ಎಂಬ ಉತ್ತರ. ಕುರ್ಚಿ ಸಿಕ್ಕಿದ್ದು ನಾಲ್ಕನೇ ದಿನ, ಕಂಪ್ಯೂಟರಿನ ಪಾಸ್‌ವರ್ಡ್ ಮೂರನೇ ವಾರ.

ಅದನ್ನೆಲ್ಲ ಮರೆತಿದ್ದೇನೆ. ಮರೆಯಲಾಗದ್ದು ವಾಲ್ವ್ ಬಾಡಿಗಳ ಪ್ರಸಂಗ. ಡ್ರಾಯಿಂಗಿನ ಮೂಲೆಯ ಚೌಕದಲ್ಲಿ ರಿವಿಜನ್ ಅಕ್ಷರವಿರುತ್ತದೆ. ಗಿರಾಕಿ ಅಳತೆ ಬದಲಿಸಿದರೆ 'ಬಿ' ಹೋಗಿ 'ಸಿ' ಆಗುತ್ತದೆ. ಮಷಿನ್ ಪಕ್ಕ ಅಂಟಿಸಿದ್ದು 'ಬಿ'. 'ಸಿ' ಯಾರದೋ ಮೇಲ್‌ನಲ್ಲೇ ಉಳಿದಿತ್ತು. ಅನುಮಾನ ಬಂದು ಕೇಳಿದೆ. ಪ್ರೊಡಕ್ಷನ್‌ನವರು "ಕ್ವಾಲಿಟಿಯವ್ರನ್ನ ಕೇಳ್ರಿ" ಅಂದರು. ಕ್ವಾಲಿಟಿಯವರು "ಡಿಸೈನ್‌ನವ್ರನ್ನ ಕೇಳ್ರಿ" ಅಂದರು. ಡಿಸೈನ್‌ನವರು ರಜೆಯಲ್ಲಿದ್ದರು. ಸಂಜೆ ಮಾಲು ಹೋಗಲೇಬೇಕಿತ್ತು, ಹೋಯಿತು. ನಲವತ್ತು ಜಾಬ್ ರಿಜೆಕ್ಟ್ ಆಗಿ ಬಂದಾಗ ಮೀಟಿಂಗಿನಲ್ಲಿ ಎಲ್ಲರೂ ನೋಡಿದ್ದು ಹೊಸಬನ ಮುಖವನ್ನು. ಅಂದು ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ಎರಕಕ್ಕೂ ಹೈಡ್ರಾಲಿಕ್ ಬಿಡಿಭಾಗಕ್ಕೂ ಹೆಸರಾದ ಊರು ನಮ್ಮ ಬೆಳಗಾವಿ. ಆ ಹೆಸರಿಗೆ ನನ್ನ ಕೈಯಿಂದ ಮಸಿ ಹತ್ತಿತಲ್ಲ ಎಂಬ ಸಂಕಟ.

ನಮ್ಮದು ನೇಕಾರರ ಮನೆ. ಅಜ್ಜ ಕುಣಿಮಗ್ಗದಲ್ಲಿ ಶಹಾಪುರಿ ಸೀರೆ ನೇಯುತ್ತಿದ್ದರು. ಕಲಿಯಲು ಬಂದ ಹುಡುಗ ಮೊದಲು ಕಂಡಿಕೆ ಸುತ್ತಬೇಕು, ಆಮೇಲೆ ಹರಿದ ಎಳೆಗೆ ಗಂಟು ಹಾಕಲು ಕಲಿಯಬೇಕು. ಲಾಳಿ ಕೈಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆಯುತ್ತಿದ್ದವು. ಹಾಸಿನಲ್ಲಿ ಎಳೆ ಹರಿದದ್ದು ಕಂಡು ಅವನು "ಅಜ್ಜಾ" ಅಂದರೆ ಸಾಕು, ಮಗ್ಗ ನಿಲ್ಲುತ್ತಿತ್ತು. ಗಂಟು ಹಾಕದೆ ಮುಂದೆ ನೇಯ್ದರೆ ಆ ಗೀರು ಸೀರೆಯುದ್ದಕ್ಕೂ ಹೋಗುತ್ತದೆ. ಆ ಮನೆಯಲ್ಲಿ ಬಡತನ ಸಾಕಷ್ಟಿತ್ತು, ಬೈಗುಳವೂ ಇತ್ತು. ಆದರೆ ಯಾರನ್ನು ಕೇಳಬೇಕೆಂಬುದು ಹತ್ತು ವರ್ಷದ ಹುಡುಗನಿಗೂ ಗೊತ್ತಿತ್ತು. ನಿಮ್ಮಲ್ಲಿ ಎಂಜಿನಿಯರಿಂಗ್ ಓದಿ ಬಂದ ನನಗೆ ಅದು ಇನ್ನೂ ತಿಳಿದಿಲ್ಲ.

ಕಾಗದಪತ್ರದ ಮಾತೂ ಒಂದಿದೆ. ಪಿಎಫ್ ಎಂದು ಮೂಲವೇತನದ ಶೇ. 12 ಮುರಿಯುತ್ತೀರಿ, ಯುಎಎನ್ ಸಂಖ್ಯೆ ಕೇಳಿದರೆ "ಮುಂದಿನ ತಿಂಗಳ ನೋಡೂಣು" ಎನ್ನುತ್ತಾರೆ. ನೇಮಕಾತಿ ಪತ್ರ ಕೈಗೆ ಬಂದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ನೌಕರನಿಗೆ ಕೊಡಲೇಬೇಕು. ನಾನು ಜಗಳಕ್ಕೆ ನಿಂತಿಲ್ಲ. ಈ ಕೆಲಸ ನನಗೆ ಇಷ್ಟ. ಲೇಥಿನಿಂದ ಬಿಸಿಬಿಸಿ ಚೂರು ಸುರುಳಿಯಾಗಿ ಇಳಿಯುವುದನ್ನು ಈಗಲೂ ನಿಂತು ನೋಡುತ್ತೇನೆ.

ಸೋಮವಾರ ಇಬ್ಬರು ಹೊಸಬರು ಬರುತ್ತಾರೆಂದು ಕೇಳಿದೆ. ಒಬ್ಬ ಖಾನಾಪುರದವನು, ನಸುಕಿನಲ್ಲೇ ಎದ್ದು ಬಸ್ಸು ಹಿಡಿಯಬೇಕು. ಶನಿವಾರವೇ ಗೇಟಿನ ರಿಜಿಸ್ಟರಿನಲ್ಲಿ ಇಬ್ಬರ ಹೆಸರೂ ಬರೆಸಿರಿ. ಪ್ರತಿ ಹೆಸರಿನ ಮುಂದೆ, ಅವರು ಏನಿದ್ದರೂ ಕೇಳಬಹುದಾದ ಒಬ್ಬರ ಹೆಸರಿರಲಿ. ಯಾರೂ ಸಿಗದಿದ್ದರೆ ನನ್ನ ಹೆಸರು ಬರೆಸಿರಿ. ಮಷಿನ್ ಪಕ್ಕದ ಆ 'ಬಿ' ಡ್ರಾಯಿಂಗ್ ಇನ್ನೂ ಅಲ್ಲೇ ಇದೆ. ಅವರು ಬರುವ ಮೊದಲು ನಾನೇ ಅದನ್ನು ತೆಗೆಯುತ್ತೇನೆ, ಒಪ್ಪಿಗೆ ಕೊಡಿರಿ.

ಇಂತಿ,
ನಿಮ್ಮ ನೌಕರ
ಶಹಾಪುರ, ಬೆಳಗಾವಿ